ಹಬ್ಬ ಬಿಟ್ಟ ಮನೆಗೆ ಬಂದ ಹಸು

ಹಸು ಬಂದದ್ದು ಟೆಂಪೋದಲ್ಲಿ.

ಈ ವರ್ಷದ ಸಂಕ್ರಾಂತಿಗೆ ಇನ್ನೂ ಒಂದು ವಾರವಿತ್ತು. ಬೆಳಗಿನ ಬಿಸಿಲಿನಲ್ಲಿ ತುಮಕೂರಿನ ನಮ್ಮ ಬಡಾವಣೆಯ ರಸ್ತೆಗೆ ರಿವರ್ಸ್‌ನಲ್ಲಿ ಬಂದ ಟೆಂಪೋ ನಮ್ಮ ಗೇಟಿನ ಎದುರು ನಿಂತಿತು. ಹಿಂದೆ ಬೂದು ಬಣ್ಣದ ನಾಟಿ ಹಸು. ಮುಂದೆ ಡ್ರೈವರ್ ಪಕ್ಕದಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡು, ಗುಬ್ಬಿಯ ನನ್ನ ನಾದಿನಿ. ತೀರಿಹೋದ ನನ್ನ ಯಜಮಾನರ ಅಕ್ಕ. ಯಾರದೋ ಗೃಹಪ್ರವೇಶಕ್ಕೆ ಹಸು ಕರೆದುಕೊಂಡು ಹೋಗುತ್ತಿರಬೇಕು, ದಾರಿಯಲ್ಲಿ ನನ್ನನ್ನು ಮಾತಾಡಿಸಲು ನಿಲ್ಲಿಸಿದ್ದಾರೆ ಅಂದುಕೊಂಡೆ. ಕಿಟಕಿಯ ಒಳಗಿನಿಂದಲೇ ಕೈ ಬೀಸಿದೆ.

"ಕೈ ಬೀಸ್ತಾಳೆ ನೋಡು, ಮಹಾರಾಣಿ ಥರ! ಗೇಟ್ ತೆಗಿಯೇ! ಬಸುರಿ ಬಂದವ್ಳೆ, ಬೀದೀಲಿ ನಿಲ್ಲಿಸ್ಕೊಂಡು ನೋಡ್ತಾ ಇದೀಯಲ್ಲ!"

"ಯಾರಕ್ಕ ಬಸುರಿ?" ಅಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು.

"ನಾನಂತೂ ಅಲ್ಲ ಬುಡು," ಅಂದರು. ಡ್ರೈವರ್ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ.

ನಮ್ಮ ಪೋರ್ಟಿಕೋದಲ್ಲಿ ಆಗ ಏನೂ ಇರಲಿಲ್ಲ. ಯಜಮಾನರ ಕಾರನ್ನು ಮಾರಿದ ಮೇಲೆ ನೆಲದಲ್ಲಿ ಎಣ್ಣೆ ಸೋರಿದ ಕಪ್ಪು ಕಲೆಯೊಂದು ಉಳಿದಿತ್ತು, ಅಷ್ಟೇ. ಹಲಗೆ ಇಟ್ಟು ಹಸುವನ್ನು ಇಳಿಸಿದರು. ಅದು ಸೀದಾ ಹೋಗಿ ಆ ಕಲೆಯ ಮೇಲೆ ನಿಂತು, ಒಮ್ಮೆ ನೆಲ ಮೂಸಿ, ನನ್ನ ಕಡೆ ನೋಡಿತು. ನಾದಿನಿ ಕಂಬಕ್ಕೆ ಹಗ್ಗ ಕಟ್ಟುತ್ತಾ ಹೇಳಿದರು: "ದಿನ ತುಂಬೈತೆ. ಹಬ್ಬದ ದಿನ ಇಲ್ಲೇ ಕರು ಹಾಕ್ತದೆ. ನಿನ್ ಮನೆ ಹಬ್ಬ ನಿಂಗೆ ವಾಪಸ್ ಬರ್ತದೆ. ಈಗ ಒಂದ್ ಲೋಟ ಕಾಫಿ ಕೊಡು."

ನಮ್ಮ ಕಡೆ ಒಂದು ಪದ್ಧತಿ ಇದೆ. ಹಬ್ಬದ ದಿನವೇ ಮನೆಯಲ್ಲಿ ಸಾವಾದರೆ ಆ ಹಬ್ಬ ಮತ್ತೆ ಆ ಮನೆಗಿಲ್ಲ. ವರ್ಷ ಕಳೆದ ಮೇಲೆ ಮಿಕ್ಕ ಹಬ್ಬಗಳು ಒಂದೊಂದಾಗಿ ಹಿಂದಿರುಗುತ್ತವೆ. ಅದೊಂದು ಮಾತ್ರ ಇಲ್ಲ. ಮುಂದೆ ಯಾವತ್ತಾದರೂ ಅದೇ ಹಬ್ಬದ ದಿನ ಆ ಮನೆಯಲ್ಲಿ ಮಗುವೋ ಕರುವೋ ಹುಟ್ಟಬೇಕು. ಹುಟ್ಟಿದರೆ ಹಬ್ಬ ವಾಪಸ್. ಹುಟ್ಟದಿದ್ದರೆ ತಲೆಮಾರುಗಳೇ ಕಳೆದರೂ ಆ ದಿನ ಆ ಮನೆಯ ಒಲೆಯ ಮೇಲೆ ಬರೀ ಅನ್ನ ಸಾರು.

ನನ್ನ ಯಜಮಾನರು ಹೋದದ್ದು ಸಂಕ್ರಾಂತಿಯ ಬೆಳಿಗ್ಗೆ. ಖಾರದ ಪೊಂಗಲಿಗೆ ಅವರೆಕಾಳು ಬೇಯಲು ಇಟ್ಟು, ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. "ಕುಕ್ಕರ್ ಕೂಗ್ತಿದೆ, ಆಫ್ ಮಾಡ್ರೀ," ಎಂದು ಅಲ್ಲಿಂದಲೇ ಕೂಗಿದೆ. ಕುಕ್ಕರ್ ಕೂಗುತ್ತಲೇ ಇತ್ತು. ಸಿಟ್ಟು ಮಾಡಿಕೊಂಡು ಒಳಗೆ ಬಂದರೆ ಪೇಪರ್ ಮಡಿಲಲ್ಲಿತ್ತು, ಕನ್ನಡಕ ಮೂಗಿನ ಮೇಲೇ ಇತ್ತು. ಮೊದಲು ಗ್ಯಾಸ್ ಆಫ್ ಮಾಡಿದೆ. ಆಮೇಲೆ ಅವರನ್ನು ಮುಟ್ಟಿದೆ. ಯಾಕೆ ಆ ಕ್ರಮದಲ್ಲಿ ಮಾಡಿದೆ ಎಂದು ಇವತ್ತಿಗೂ ಗೊತ್ತಿಲ್ಲ.

ಅದಕ್ಕೂ ಮುಂಚೆ ಕೊರೊನಾದಲ್ಲಿ ನನ್ನ ಪ್ಲೇ ಹೋಮ್ ಮುಚ್ಚಿಹೋಗಿತ್ತು. ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿ ರಿಟೈರ್ ಆದ ಮೇಲೆ ಮನೆಯ ಮುಂದಿನ ರೂಮಿನಲ್ಲಿ ನಡೆಸುತ್ತಿದ್ದ ಪುಟ್ಟ ಮಕ್ಕಳ ಕ್ಲಾಸ್ ಅದು. ನನಗೆ ಮಕ್ಕಳಾಗಲಿಲ್ಲ, ಆದರೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ ಮನೆ ತುಂಬಾ ಮಕ್ಕಳು. ಮುಚ್ಚಿದ ಮೇಲೆ ಕೆಂಪು, ಹಳದಿ, ನೀಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟೆ. ಆಮೇಲೆ ಇವರು ಹೋದರು. ಅದೇ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಮೂಳೆ ಕೂಡಿತು, ಬಲ ಬರಲಿಲ್ಲ. ಹೀಗೆ ಸಾಲಾಗಿ ಹೇಳಿದರೆ ಟೀವಿ ಸೀರಿಯಲ್ ಥರ ಕೇಳುತ್ತದೆ. ಅನುಭವಿಸುವಾಗ ಹಾಗಿರಲಿಲ್ಲ. ಸೀರಿಯಲ್ಲಿನಲ್ಲಿ ಹಿಂದೆ ಮ್ಯೂಸಿಕ್ ಇರುತ್ತದೆ. ಇಲ್ಲಿ ಫ್ರಿಜ್ಜಿನ ಸದ್ದು ಮಾತ್ರ.

ಚಿಕ್ಕಂದಿನಲ್ಲಿ ನಾನಿದ್ದ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಸಿಸ್ಟರುಗಳು ಯಾವ ಹುಡುಗಿ ಅತ್ತರೂ "ಚಿನ್ ಅಪ್, ಮೈ ಗರ್ಲ್" ಅನ್ನುತ್ತಿದ್ದರು. ನಾನೂ ಕನ್ನಡಿಯ ಮುಂದೆ ನಿಂತು ಗದ್ದ ಎತ್ತಿ ನೋಡಿದೆ. ಕುತ್ತಿಗೆಯ ಸುಕ್ಕು ಇನ್ನಷ್ಟು ಕಂಡಿತು.

ಮರುವರ್ಷದ ಸಂಕ್ರಾಂತಿಗೆ ಎದುರು ಮನೆಯ ಹುಡುಗಿ, ಒಂದು ಕಾಲಕ್ಕೆ ನನ್ನ ಪ್ಲೇ ಹೋಮಿನ ಹಳದಿ ಕುರ್ಚಿಯಲ್ಲಿ ಕೂತು ಮೂಗು ಸುರಿಸುತ್ತಿದ್ದವಳು, ರೇಷ್ಮೆ ಲಂಗ ಹಾಕಿಕೊಂಡು ತಾಯಿಯ ಜೊತೆ ಎಳ್ಳು ಬೀರಲು ಬಂದಳು. "ನಮಗೆ ಹಬ್ಬ ಇಲ್ಲಮ್ಮ," ಎಂದು ಬಾಗಿಲಲ್ಲೇ ಹೇಳಿ ಕಳಿಸಿದೆ. ಬೇರೆಯವರು ಕೊಟ್ಟ ಎಳ್ಳನ್ನು ತೆಗೆದುಕೊಳ್ಳಬಾರದೆಂದು ಯಾವ ಪದ್ಧತಿಯೂ ಹೇಳುವುದಿಲ್ಲ. ಆದರೆ ಆ ಮಾತು ಎಷ್ಟು ಸುಲಭವಾಗಿ ಬಾಗಿಲು ಮುಚ್ಚಿತು ಅಂದರೆ, ನನಗೇ ಆಶ್ಚರ್ಯ. ಅಲ್ಲಿಂದ ಮುಂದೆ ಯುಗಾದಿಗೂ ಅದೇ ಮಾತು, ಗೌರಿಗೂ ಅದೇ, ದೀಪಾವಳಿಗೂ ಅದೇ. ಮದುವೆಗೆ ಕರೆಯಲು ಬಂದವರಿಗೂ ಅದೇ. ಪದ್ಧತಿ ನನ್ನಿಂದ ಕಿತ್ತುಕೊಂಡದ್ದು ಒಂದು ದಿನ. ನಾನು ಇಡೀ ವರ್ಷವನ್ನೇ ಕೊಟ್ಟುಬಿಟ್ಟಿದ್ದೆ. ಅಡುಗೆ ನಿಲ್ಲಿಸಿ ಮೆಸ್ಸಿನಿಂದ ಕ್ಯಾರಿಯರ್ ತರಿಸಲು ಶುರು ಮಾಡಿದೆ. ಮುಂದಿನ ಕಿಟಕಿಯ ಪರದೆಗಳನ್ನು ಒಗೆಯಲು ತೆಗೆಯಬೇಕೆಂದು ತಿಂಗಳುಗಟ್ಟಲೆ ಅಂದುಕೊಂಡು, ಎಳೆದೇ ಇಟ್ಟೆ. ಮನೆ ಮಾರಿ ಮೈಸೂರಿನ ಒಂದು ಓಲ್ಡ್ ಏಜ್ ಹೋಮ್‌ಗೆ ಸೇರಿಬಿಡುತ್ತೇನೆ ಎಂದು ಫೋನಿನಲ್ಲಿ ನಾದಿನಿಗೆ ಹೇಳಿದೆ. ಅವರು ಬೈಯದೆ ಫೋನ್ ಇಟ್ಟುಬಿಟ್ಟರು. ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು.

ಅದಾದ ಮೇಲೆ ಬಂದದ್ದು ಹಸು.

ಕಾಫಿ ಕುಡಿಯುವಾಗ ಕೇಳಿದೆ: "ಅಕ್ಕ, ಇದು ಚೀಟಿಂಗ್ ಅಲ್ವಾ? ಮನೇಲಿರೋ ಹಸು ಕರು ಹಾಕ್ಬೇಕು. ಗುಬ್ಬಿ ಹಸೂನ ಟೆಂಪೋದಲ್ಲಿ ತಂದು ತುಮಕೂರಲ್ಲಿ ಕರು ಹಾಕಿಸಿದ್ರೆ ಹೇಗೆ ಲೆಕ್ಕಕ್ಕೆ ಬರುತ್ತೆ?"

"ಹೆಣ್ಮಕ್ಳು ಹೆರಿಗೆಗೆ ಎಲ್ಲಿಗೆ ಹೋಗ್ತಾರೆ?"

"ತವರಿಗೆ."

"ಇದೂ ತವರಿಗೆ ಬಂದೈತೆ."

"ಇದು ಹೇಗೆ ಅದರ ತವರು?"

"ನನ್ ತಮ್ಮನ ಮನೆ ನಂಗೆ ತವರು. ನಾ ಸಾಕಿರೋ ಹಸು. ನನ್ ತವರೇ ಅದಕ್ಕೂ ತವರು. ಅಷ್ಟು ಇಂಗ್ಲೀಷ್ ಓದಿ ಇಷ್ಟು ತಿಳಿಯಲ್ವೇನೇ ಕಾನ್ವೆಂಟಮ್ಮ?"

ಈ ಲಾಜಿಕ್ಕು ಕೇಳಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಾನು ಇದನ್ನೆಲ್ಲ ನಂಬುವವಳಲ್ಲ. ಒಂದು ಕರು ಹುಟ್ಟಿದ ತಕ್ಷಣ ಕ್ಯಾಲೆಂಡರಿನ ಒಂದು ದಿನ ನನಗೆ ತೆರೆದುಕೊಳ್ಳುತ್ತದೆ ಅನ್ನುವುದು ನಾನ್‌ಸೆನ್ಸ್ ಎಂದು ಖಂಡಿತವಾಗಿ ಗೊತ್ತಿತ್ತು. ಹಾಗಾದರೆ ಕರು ಹುಟ್ಟದೆ ಆ ದಿನ ನನಗೆ ಮುಚ್ಚಿದೆ ಅನ್ನುವುದೂ ನಾನ್‌ಸೆನ್ಸೇ ಆಗಬೇಕಲ್ಲ? ಅದನ್ನು ಮಾತ್ರ ನಂಬಿಕೊಂಡು ಕೂತಿದ್ದೆ. ಒಂದನ್ನು ನಂಬಿ ಒಂದನ್ನು ಬಿಡುವುದು ಎಂಥ ಬುದ್ಧಿ ಎಂದು ಯೋಚಿಸುತ್ತಾ ಲೋಟ ತೊಳೆಯುವಾಗ ನೆನಪಾಯಿತು, ಮೆಸ್ಸಿನ ಕ್ಯಾರಿಯರ್ ಒಬ್ಬರಿಗೆ ಮಾತ್ರ ಬರುತ್ತದೆ. ನಾದಿನಿ ಬಂದಿದ್ದಾರೆ, ಅನ್ನಕ್ಕಿಡಬೇಕು.

ಆ ವಾರ ಯೋಚಿಸಲು ಪುರುಸೊತ್ತು ಸಿಗಲಿಲ್ಲ. ನಾದಿನಿಗೆ ಮಂಡಿನೋವು, ಕೂತರೆ ಏಳಲಾರರು. ಕೂತಲ್ಲಿಂದಲೇ ಆರ್ಡರ್. "ನೀರಿಡು." "ಹಂಗಲ್ಲ, ಬೂಸಾ ಕಲಸಿ ಇಡು." "ಸಗಣಿ ಎತ್ತೇ, ಅದು ನಿನ್ ಮುಖ ನೋಡ್ಕೊಂಡು ನಿಂತೈತೆ." ಎಡಗೈಯಲ್ಲಿ ಬಕೆಟ್, ಬಲಗೈ ಬರೀ ಸಪೋರ್ಟಿಗೆ. ಮೊದಲ ದಿನ ಅರ್ಧ ನೀರು ನನ್ನ ಸೀರೆಯ ಮೇಲೆ. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಸುವಿನ ಫೋಟೋ ಹಾಕಿ "ಈಸ್ ದಿಸ್ ಅಲೌಡ್?" ಎಂದು ಬರೆದರು. ಅದರ ಕೆಳಗೆ ಮತ್ತೊಬ್ಬರು, ಗಂಜಲ ಸಿಗುತ್ತದಾ ಎಂದು ಕೇಳಿದರು. ಎದುರು ಮನೆಯಾಕೆ ಅಕ್ಕಿ ತೊಳೆದ ನೀರು ತಂದು ಗೇಟಿನ ಹೊರಗೆ ನಿಂತಳು. ಹೋದ ವರ್ಷ ನಾನು ಬಾಗಿಲಿಂದ ಕಳಿಸಿದ್ದವಳು. ಒಳಗೆ ಬರಲೋ ಬೇಡವೋ ಅನ್ನುವಂತೆ ನನ್ನ ಮುಖ ನೋಡಿದಳು. ನಾನು ಏನೂ ಹೇಳುವ ಮೊದಲೇ ನಾದಿನಿ, "ಬಾಮ್ಮ, ಬಾ, ಈ ಮನೇಲಿ ನಾಯಿ ಇಲ್ಲ, ಇವಳೊಬ್ಳೇ ಇರೋದು," ಅಂದರು.

ರಾತ್ರಿ ಊಟಕ್ಕೆ ಕೂತಾಗ ಒಂದು ಸಲ ಕೇಳಿಯೇಬಿಟ್ಟೆ: "ಅಕ್ಕ, ನಿಮ್ಮ ಮನೇಲಿ ಹಬ್ಬ ಇದೆಯಲ್ಲ. ಗುಬ್ಬೀಲಿ ಎಲ್ಲ ಮಾಡ್ತೀರ. ನನ್ನ ಮನೇದು ಇದ್ರೇನು, ಹೋದ್ರೇನು ನಿಮಗೆ?"

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಪ್ರತಿ ಸಂಕ್ರಾಂತಿಗೆ ನನ್ ತಮ್ಮ ಎಳ್ಳಿನ ಡಬ್ಬ ತಂದು ಕೊಡೋನು. ನೀ ಹೆಚ್ಚಿದ ಕೊಬ್ಬರಿ. ನಮ್ ಗುಬ್ಬೀಲಿ ಕೊಬ್ಬರಿಗೆ ಬರವಾ? ಆದ್ರೂ ತವರಿನದು ಬರ್ಬೇಕು ಕಣೇ. ಅವ್ನೂ ಹೋದ, ಡಬ್ಬಾನೂ ಹೋಯ್ತು. ಈಗ ನೀನೂ ಮೈಸೂರಿಗೆ ಹೋಗ್ತೀಯಂತೆ." ಆಮೇಲೆ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರು. "ಸಾರಿಗೆ ಉಪ್ಪು ಕಮ್ಮಿ."

ಅಷ್ಟು ದಿನ ನಷ್ಟವೆಲ್ಲ ನನ್ನೊಬ್ಬಳದೇ ಅಂದುಕೊಂಡಿದ್ದೆ. ಅವರಿಗೂ ತಮ್ಮ ಹೋಗಿದ್ದಾನೆ ಅನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಅದು ಹೊಳೆದಿರಲಿಲ್ಲ. ಎರಡೂ ಒಂದೇ ಅಲ್ಲ ಅನಿಸುತ್ತದೆ. ಸರಿಯಾಗಿ ವಿವರಿಸಲು ಬರುವುದಿಲ್ಲ.

ಹಬ್ಬ ಯಾವತ್ತು ಅನ್ನುವುದರಲ್ಲೇ ಈ ಸಲ ಗೊಂದಲವಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದು, ರಜೆಯೂ ಹದಿನೈದಕ್ಕೆ. ಪಂಚಾಂಗದ ಪ್ರಕಾರ ಸೂರ್ಯ ಮಕರಕ್ಕೆ ಕಾಲಿಡುವುದು ಹದಿನಾಲ್ಕರ ಮಧ್ಯಾಹ್ನವೇ. ನಾದಿನಿ ಹದಿನೈದು ಎಂದು ತೀರ್ಮಾನಿಸಿ, ಹಸುವಿಗೂ ಹಾಗೆಂದು ಹೇಳಿಬಿಟ್ಟಿದ್ದರು. ಹದಿನಾಲ್ಕರ ಬೆಳಿಗ್ಗೆ ಅವರಿಗೆ ಯಡಿಯೂರಿನ ಹತ್ತಿರ ಬೀಗರ ಮನೆಯ ತಿಥಿಗೆ ಹೋಗಬೇಕಿತ್ತು. ಮದುವೆ ತಪ್ಪಿಸಬಹುದು, ತಿಥಿ ತಪ್ಪಿಸಬಾರದು. "ಇವತ್ತು ಹಾಕಲ್ಲ, ಕೆಚ್ಚಲು ನೋಡಿದೀನಿ. ನಾಳೆ ಮಧ್ಯಾಹ್ನ. ಸಂಜೆ ಹೊತ್ಗೆ ಬರ್ತೀನಿ," ಎಂದು ಬಸ್ಸು ಹತ್ತಿದರು.

ಹಸು ಬಹುಶಃ ಪಂಚಾಂಗದ ಕಡೆಯದು.

ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುವಾಗ ಪೋರ್ಟಿಕೋದಲ್ಲಿ ಬಕೆಟ್ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಹಸು ನಿಲ್ಲುತ್ತಿದೆ, ಮಲಗುತ್ತಿದೆ, ಮತ್ತೆ ಏಳುತ್ತಿದೆ. ಬಾಲ ಒಂದು ಪಕ್ಕಕ್ಕೆ ಎತ್ತಿದೆ. ಹಿಂದಿನಿಂದ ನೀರಿನ ಚೀಲ ಇಳಿಬಿದ್ದಿದೆ. ನಾದಿನಿಗೆ ಫೋನ್ ಮಾಡಿದೆ. ಅವರು ಊಟ ಮುಗಿಸಿ ಬಸ್ಸಿನಲ್ಲಿ ಕುಣಿಗಲ್ ದಾರಿಯಲ್ಲಿದ್ದರು.

"ಅಕ್ಕ, ಶುರುವಾಗಿದೆ!"

"ಏನು ಶುರುವಾಗೈತೆ?"

"ಹೆರಿಗೆ!"

"ಅಯ್ಯೋ! ತಡೀ ಅಂತ ಹೇಳೇ ಅದಕ್ಕೆ, ಹಬ್ಬ ನಾಳೆ!"

ಬಸ್ಸಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. "ಎಳೀಬೇಡ ಕಣೇ, ಏನೂ ಎಳೀಬೇಡ, ನೀ ಸುಮ್ನೆ..." ಅಷ್ಟರಲ್ಲಿ ಲೈನ್ ಕಟ್ಟಾಯಿತು.

ದನದ ಡಾಕ್ಟರರ ನಂಬರಿಗೆ ಮಾಡಿದರೆ ಬೇರೆ ಊರಲ್ಲಿದ್ದೇನೆ, ಕಾಲು ಮೂಗು ಒಟ್ಟಿಗೆ ಕಂಡರೆ ಭಯವಿಲ್ಲ, ಕಾಣದಿದ್ದರೆ ಮತ್ತೆ ಮಾಡಿ ಅಂದರು. ನಾನು ಹುಟ್ಟಿದ್ದು ಕುಣಿಗಲ್‌ನಲ್ಲಿ. ನಮ್ಮ ತಂದೆ ಅಲ್ಲಿ ಕುದುರೆ ಸಾಕುವ ಫಾರಂನಲ್ಲಿ ಕಾಂಪೌಂಡರ್ ಆಗಿದ್ದರು. ಕುದುರೆ ಮರಿ ಹಾಕುವ ದಿನಗಳಲ್ಲಿ ಮನೆಗೆ ಬಂದಾಗ ಅವರ ಬಟ್ಟೆಯಲ್ಲಿ ಫಿನಾಯಿಲ್ ವಾಸನೆ ಇರುತ್ತಿತ್ತು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ, ನಾನು ಒಂದು ಸಲವೂ ನೋಡಲಿಲ್ಲ. ರಾತ್ರಿಯೆಲ್ಲ ಏನು ಮಾಡುತ್ತೀರಪ್ಪ ಎಂದು ಕೇಳಿದರೆ, "ಕೂತಿರ್ತೀನಿ. ಅದು ಮಾಡುತ್ತೆ, ನಾನು ಕೂತಿರ್ತೀನಿ," ಅನ್ನುತ್ತಿದ್ದರು. ಅದಕ್ಕೂ ಸಂಬಳ ಕೊಡುತ್ತಾರಾ ಎಂದು ಆಗ ನಗು ಬರುತ್ತಿತ್ತು.

ನಾನೂ ಕೂತೆ. ಎತ್ತರದ ಕುರ್ಚಿ ಎಳೆದುಕೊಂಡು ಬರಲು ಕೈಯಲ್ಲಿ ಬಲವಿಲ್ಲ. ಮೂಲೆಯಲ್ಲಿ ಪೇರಿಸಿದ್ದ ಪ್ಲೇ ಹೋಮಿನ ಕುರ್ಚಿಗಳಲ್ಲಿ ಮೇಲಿನ ಕೆಂಪು ಕುರ್ಚಿಯನ್ನು ಎಡಗೈಯಲ್ಲಿ ಎತ್ತಿಕೊಂಡು ಬಂದು, ಮಂಡಿ ಎದೆಗೆ ತಾಗುವಂತೆ ಅದರಲ್ಲೇ ಕೂತೆ. ಎದುರು ಮನೆಯಾಕೆ ಓಡಿ ಬಂದು ನನ್ನ ಪಕ್ಕದಲ್ಲಿ ನಿಂತಳು. "ಆಂಟಿ, ಏನಾದ್ರೂ ಮಾಡಿ." "ಮಾಡ್ತಾ ಇದೀನಲ್ಲಮ್ಮ, ಕೂತಿದೀನಿ," ಅಂದೆ. ಆಕೆ ನನ್ನನ್ನು ಒಂಥರಾ ನೋಡಿದಳು. ಬಾಯಲ್ಲಿ ನಾನು ಹೇಳಿಕೊಳ್ಳುತ್ತಿದ್ದದ್ದು ಹೇಲ್ ಮೇರಿ ಪ್ರಾರ್ಥನೆ. ಬೋರ್ಡಿಂಗ್‌ನಲ್ಲಿ ಕಲಿತದ್ದು, ಭಯವಾದಾಗ ಅದೇ ಬರುತ್ತದೆ. ಎದುರಿಗೆ ಗೋಮಾತೆ, ಬಾಯಲ್ಲಿ ಮೇರಿಮಾತೆ. ಇಬ್ಬರಿಗೂ ತಾಯ್ತನ ಗೊತ್ತಿದೆ, ನನಗೊಬ್ಬಳಿಗೇ ಇಲ್ಲ ಅನಿಸಿತು. ಮಗುವೋ ಕರುವೋ. ನಾನು ಕೊಡಲಾಗದ್ದನ್ನು ಯಾರದೋ ಹಸು ಬಂದು ಕೊಡಬೇಕು. ಅದು ಅವಮಾನವೋ ಉಪಕಾರವೋ ತಿಳಿಯಲಿಲ್ಲ.

ಎರಡು ಬಿಳಿ ಗೊರಸು ಕಂಡವು. ಅವುಗಳ ಮೇಲೆ ಒಂದು ಮೂಗು. ಆಮೇಲೆ ಏನೂ ಆಗಲಿಲ್ಲ. ಹಸು ಮಲಗಿ, ಕುತ್ತಿಗೆ ಚಾಚಿ, ಸುಸ್ತಾದಂತೆ ಕಣ್ಣು ಮುಚ್ಚಿತು. ಸತ್ತೇಹೋಯಿತು ಅಂದುಕೊಂಡೆ. ಈ ಮನೆಯಲ್ಲಿ, ಈ ಹಬ್ಬದಲ್ಲಿ, ಇನ್ನೊಂದು ಸಾವು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಅನಿಸಿತು. ನಿಜವಾಗಿ ಅನಿಸಿತು. ಆದರೆ ಆ ಕುರ್ಚಿಯಿಂದ ಬೇಗ ಏಳುವುದು ನನ್ನ ವಯಸ್ಸಿನವರಿಗೆ ಸಾಧ್ಯವಿಲ್ಲ. ಏಳಲು ಹೆಣಗಾಡುತ್ತಿದ್ದಾಗಲೇ ಹಸು ಒಂದು ಸಲ ದೊಡ್ಡದಾಗಿ ನರಳಿ, ಕಾಲು ಒದ್ದು ತಿಣುಕಿತು. ತಲೆ ಬಂತು, ಭುಜ ಬಂತು, ಮಿಕ್ಕದ್ದೆಲ್ಲ ಒಮ್ಮೆಲೇ ಜಾರಿ ಎಣ್ಣೆಯ ಕಲೆಯ ಮೇಲೆ ಬಿತ್ತು.

ಹೆಣ್ಣು ಕರು. ಹಸು ತಿರುಗಿ ಅದನ್ನು ನೆಕ್ಕತೊಡಗಿತು. ಎಷ್ಟು ಜೋರಾಗಿ ಅಂದರೆ, ಕರು ಏಳಲು ನೋಡಿದಾಗಲೆಲ್ಲ ತಾಯಿಯ ನಾಲಿಗೆಯೇ ಅದನ್ನು ಬೀಳಿಸುತ್ತಿತ್ತು. ಎದ್ದಿತು, ಬಿತ್ತು. ಮುಂಗಾಲು ಊರಿತು, ಹಿಂಗಾಲು ಮರೆಯಿತು. ಮತ್ತೆ ಬಿತ್ತು. ಎದುರು ಮನೆಯಾಕೆ ಪಾಪ ಪಾಪ ಅನ್ನುತ್ತಿದ್ದಳು. ನನಗೇಕೋ ನಗು ಬಂತು. ಆಮೇಲೆ ನೋಡಿಕೊಂಡರೆ ನಗುತ್ತಿರಲಿಲ್ಲ, ಅಳುತ್ತಿದ್ದೆ. ಯಾವುದು ಯಾವಾಗ ಶುರುವಾಯಿತೋ ಗೊತ್ತಿಲ್ಲ.

ಸಂಜೆ ನಾದಿನಿ ಬಂದರು, ಜೊತೆಗೆ ಕುಣಿಗಲ್‌ನ ನನ್ನ ತಮ್ಮ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಹತ್ತಿಸಿಕೊಂಡು, ಕಾರಿನ ಮೇಲೆ ಕಬ್ಬು ಕಟ್ಟಿಕೊಂಡು ಬಂದಿದ್ದ. ನಾದಿನಿ ಕುಂಟುತ್ತಾ ಪೋರ್ಟಿಕೋಗೆ ಬಂದು, ಕರುವನ್ನು ನೋಡಿ, ಹಸುವಿನ ಮಾಸು ಬಿದ್ದಿದೆಯಾ ಎಂದು ನೋಡಿ, ಆಮೇಲೆ ಹಸುವಿಗೆ ಬೈದರು. "ಒಂದಿನ ತಡ್ಕಳಕ್ಕೆ ಆಗ್ಲಿಲ್ವೇನೇ ನಿಂಗೆ?"

"ಯಾಕ್ ತಡ್ಕೋಬೇಕು ಅತ್ತಿಗೆ?" ಅಂದ ತಮ್ಮ, ಫೋನ್ ತೆಗೆದು. "ಸೂರ್ಯ ಮಕರಕ್ಕೆ ಹೋಗಿರೋದೇ ಇವತ್ತು. ನೋಡಿ, ಮಧ್ಯಾಹ್ನ ಮೂರರ ಮೇಲೆ. ಇವತ್ತೇ ಸಂಕ್ರಾಂತಿ. ಕರು ಲೆಕ್ಕಕ್ಕೆ ಬಂತು."

"ಫೋನ್‌ನಾಗೆ ಹಬ್ಬ ಮಾಡೋರು ನೀವು! ಅವ್ನು ಹೋದಾಗ ಹಬ್ಬ ಬಿದ್ದಿದ್ದು ಹದಿನೈದಕ್ಕೆ."

"ಆ ವರ್ಷ ಹದಿನೈದು. ಈ ವರ್ಷ ಹದಿನಾಲ್ಕು. ಮೂರು ಗಂಟೆ ಆದ್ಮೇಲೆ ಹುಟ್ಟಿದ್ರೆ ಪಕ್ಕಾ ಸಂಕ್ರಾಂತಿ ಕರು. ಅಕ್ಕ, ಎಷ್ಟೊತ್ತಿಗೆ ಹಾಕ್ತು?"

ಇಬ್ಬರೂ ನನ್ನ ಕಡೆ ತಿರುಗಿದರು. ಇಡೀ ಜೀವನ ಬೆಲ್ಲಿಗೆ ಸರಿಯಾಗಿ ಪೀರಿಯಡ್ ಶುರು ಮಾಡಿ ಬೆಲ್ಲಿಗೆ ಸರಿಯಾಗಿ ಮುಗಿಸಿದ ನಾನು ಗಡಿಯಾರ ನೋಡಿರಲಿಲ್ಲ.

"ಸ್ಕೂಲ್ ವ್ಯಾನ್ ಬಂದ ಮೇಲೆ ಅನಿಸುತ್ತೆ," ಅಂದೆ.

"ಇಲ್ಲ ಆಂಟಿ, ವ್ಯಾನ್ ಇನ್ನೂ ಬಂದಿರ್ಲಿಲ್ಲ," ಅಂದಳು ಎದುರು ಮನೆಯಾಕೆ. ಆಮೇಲೆ ರಸ್ತೆಯ ಕಡೆ ನೋಡಿ, "ಬಂದಿತ್ತಾ?" ಅಂದಳು.

"ಸರಿಹೋಯ್ತು," ಎಂದು ನಾದಿನಿ ಮೆಟ್ಟಿಲ ಮೇಲೆ ಕುಸಿದು ಕೂತರು. "ಹಬ್ಬ ಬಂತೋ ಇಲ್ವೋ, ನೀನೇ ಹೇಳೇ. ನಿನ್ ಮನೆ."

ಬಂತು ಅನ್ನಲು ಬಾಯಿ ತೆರೆದರೆ ಅವತ್ತಿನ ಕುಕ್ಕರಿನ ಕೂಗು ಕೇಳಿಸಿತು. ಇಲ್ಲ ಅನ್ನೋಣ ಅಂದರೆ ಕರು ಆಗಷ್ಟೇ ನಾಲ್ಕು ಕಾಲಿನ ಮೇಲೆ ನಿಂತು, ನಿಂತದ್ದಕ್ಕೆ ತಾನೇ ಬೆರಗಾಗಿ, ಕಿವಿ ಅಲ್ಲಾಡಿಸುತ್ತಿತ್ತು. ನಮ್ಮ ತಂದೆ ಒಂದು ಮಾತು ಹೇಳುತ್ತಿದ್ದರು. ರೇಸ್ ಕುದುರೆ ಯಾವ ತಿಂಗಳಲ್ಲಿ ಹುಟ್ಟಲಿ, ವಯಸ್ಸಿನ ಲೆಕ್ಕಕ್ಕೆ ಎಲ್ಲದರ ಹುಟ್ಟುಹಬ್ಬ ಜನವರಿ ಒಂದು. "ಮರಿಗೆ ಅದೆಲ್ಲ ಗೊತ್ತಿರಲ್ಲ ಮಗಳೇ, ಅದು ಹಾಲು ಹುಡುಕುತ್ತೆ." ಅದನ್ನು ಹೇಳಿದೆ. ತಮ್ಮ ಜೋರಾಗಿ ನಕ್ಕ. ನಾದಿನಿ ನಗಲಿಲ್ಲ. "ಕುದ್ರೆ ಬೇರೆ, ದನ ಬೇರೆ," ಅಂದರು. ಆದರೆ ಹಾಲು ಅನ್ನುವ ಮಾತಿಗೆ ಎದ್ದು, ಕರುವನ್ನು ಕೆಚ್ಚಲಿಗೆ ಬಿಟ್ಟು, ಅದು ಕುಡಿದು ಉಳಿದದ್ದನ್ನು ತಂಬಿಗೆಗೆ ಕರೆದರು. ಹಳದಿಯಾದ ದಪ್ಪ ಹಾಲು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಗಿಣ್ಣು ಕಟ್ಟುತ್ತದೆ. ಏಲಕ್ಕಿ ಎಲ್ಲಿದೆ ಎಂದು ಹುಡುಕಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಡಬ್ಬದ ಮುಚ್ಚಳ ಬಿಗಿಯಾಗಿತ್ತು, ತಮ್ಮ ತೆಗೆದುಕೊಟ್ಟ.

ಮರುದಿನ ಬೆಳಿಗ್ಗೆ ಬಡಾವಣೆಯಲ್ಲೆಲ್ಲ ರಂಗೋಲಿ, ಕಬ್ಬು. ನಮ್ಮ ಬಾಗಿಲು ಬರಿದು. ತೀರ್ಮಾನವಾಗುವ ತನಕ ಪೊಂಗಲೂ ಬೇಡ, ಎಳ್ಳೂ ಬೇಡ ಎಂದು ನಾದಿನಿ ಖಡಾಖಂಡಿತವಾಗಿ ಹೇಳಿದ್ದರು. ಆದರೆ ಗಿಣ್ಣು ಹಬ್ಬದ ಅಡುಗೆಯಲ್ಲ. ಕರು ಹಾಕಿದ ಮನೆ ಅಕ್ಕಪಕ್ಕಕ್ಕೆ ಗಿಣ್ಣು ಹಂಚಲೇಬೇಕು. ಅದು ಇನ್ನೊಂದು ಪದ್ಧತಿ.

"ನೀವು ಹೋಗಿ ಕೊಡಿ ಅಕ್ಕ."

"ನನ್ ಮಂಡಿ."

"ತಮ್ಮ ಹೋಗಲಿ."

"ಗಂಡಸ್ರ ಕೈಲಿ ಯಾರಾದ್ರೂ ಗಿಣ್ಣು ಹಂಚ್ತಾರಾ? ಕಾನ್ವೆಂಟ್‌ನಾಗೆ ಅದೂ ಹೇಳ್ಕೊಡ್ಲಿಲ್ವಾ?"

ಹೋದೆ. ಗೇಟು ದಾಟಿ ರಸ್ತೆಗೆ ಕಾಲಿಟ್ಟಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಎಡಗೈಯಲ್ಲಿ ಸ್ಟೀಲ್ ಡಬ್ಬಿ, ಬಲಗೈ ಕೆಳಗಿನ ಸಪೋರ್ಟಿಗೆ. ಎದುರು ಮನೆಯ ಬೆಲ್ ಒತ್ತಿ ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಹುಡುಗಿ ಬಾಗಿಲು ತೆಗೆದಳು. ಅದೇ ಲಂಗ, ಈ ವರ್ಷ ಕಣಕಾಲಿನಿಂದ ಮೇಲೆ ಹೋಗಿತ್ತು.

"ಹಬ್ಬದ್ದಾ ಮಿಸ್?"

"ಗೊತ್ತಿಲ್ಲ ಪುಟ್ಟಿ. ತಿನ್ನು. ಕರುವಿನದು."

ಅವಳ ತಾಯಿ ಡಬ್ಬಿ ಒಳಗೆ ತೆಗೆದುಕೊಂಡು ಹೋಗಿ, ತೊಳೆದು ತಂದುಕೊಟ್ಟಳು. ಡಬ್ಬಿ ಭಾರವಾಗಿತ್ತು. "ಖಾಲಿ ಕೊಡಬಾರ್ದಲ್ಲ ಆಂಟಿ," ಅಂದಳು, ನನ್ನ ಮುಖ ನೋಡದೆ. ಮುಚ್ಚಳ ತೆಗೆದೆ. ಎಳ್ಳು, ಬೆಲ್ಲ, ಕೊಬ್ಬರಿ, ಮೇಲೊಂದು ಸಕ್ಕರೆ ಅಚ್ಚಿನ ಗಿಳಿ. ನಮಗೆ ಹಬ್ಬ ಇಲ್ಲಮ್ಮ ಎಂದು ಹೇಳಬೇಕಿತ್ತು. ಆ ಮಾತು ನಾಲಿಗೆಯ ತುದಿಯಲ್ಲಿ ತಯಾರಾಗೇ ಇತ್ತು, ಎಷ್ಟು ದಿನದ ಅಭ್ಯಾಸ. "ಥ್ಯಾಂಕ್ಸ್ ಕಣಮ್ಮ," ಅಂದೆ.

ಮೆಟ್ಟಿಲ ಮೇಲೆ ಕೂತಿದ್ದ ನಾದಿನಿ ಡಬ್ಬಿಗೆ ಇಣುಕಿದರು. ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಕೊಬ್ಬರಿ ಸಿಪ್ಪೆ ಹೆರೆದೇ ಇಲ್ಲ," ಅಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬೆಲ್ಲಾನೂ ದಪ್ಪ ಹೆಚ್ಚವ್ಳೆ," ಅಂದರು. ಇನ್ನೊಂದು ಚಿಟಿಕೆ ತೆಗೆದುಕೊಂಡರು.

ಕರುವಿಗೆ ಬಲ ಬಂದ ಮೇಲೆ ಅದೇ ಟೆಂಪೋದಲ್ಲಿ ತಾಯಿ ಮಗಳು ಗುಬ್ಬಿಗೆ ಹೋದರು. ಬಾಣಂತನ ಮುಗಿಸಿ ಕಳಿಸಿದಂತೆ, ನಾನು ಒಂದು ರವಿಕೆ ಬಟ್ಟೆಯನ್ನು ಹಸುವಿನ ಕೊಂಬಿಗೆ ಕಟ್ಟಿದೆ. ಯಾಕೆ ಕಟ್ಟಿದೆನೋ. ಪೋರ್ಟಿಕೋ ಮತ್ತೆ ಖಾಲಿ. ಆದರೂ ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಗುತ್ತದೆ, ಬಕೆಟ್ ಹಿಡಿದುಕೊಂಡು ಹೊರಗೆ ಹೋಗಿ ನಿಂತ ಮೇಲೆ ನೆನಪಾಗುತ್ತದೆ. ಬಂದದ್ದಕ್ಕೆ ಇರಲಿ ಎಂದು ನೆಲ ತೊಳೆದು ರಂಗೋಲಿ ಎಳೆದು ಬರುತ್ತೇನೆ. ಮೆಸ್ಸಿಗೆ ಕ್ಯಾರಿಯರ್ ಬೇಡ ಎಂದು ಹೇಳಿದ್ದೇನೆ. ಮೈಸೂರಿನ ಹೋಮ್‌ನವರು ಎರಡು ಸಲ ಫೋನ್ ಮಾಡಿದರು, ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ. ಸಂಜೆ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಹೆಂಗಸರು, ನೀವು ಹೇಗೆ ಮಿಸ್ ಇಷ್ಟೆಲ್ಲ ಆದ ಮೇಲೂ ಸ್ಟ್ರಾಂಗ್ ಆಗಿದೀರ ಎಂದು ಕೇಳುತ್ತಾರೆ. ಏನು ಹೇಳಲಿ? ನಾನು ಸ್ಟ್ರಾಂಗ್ ಅಲ್ಲ, ಪುಟ್ಟ ಕುರ್ಚಿಯಿಂದ ಏಳಲಾಗಲಿಲ್ಲ ಎಂದರೆ ಅವರಿಗೆ ಅರ್ಥವಾಗುವುದಿಲ್ಲ. ನನಗೂ ಪೂರ್ತಿ ಆಗಿಲ್ಲ.

ಹಬ್ಬ ಬಂತೋ ಇಲ್ಲವೋ ಅನ್ನುವ ವ್ಯಾಜ್ಯ ಇನ್ನೂ ಮುಗಿದಿಲ್ಲ. ತಮ್ಮ ಬಂತು ಅನ್ನುತ್ತಾನೆ. ನಾದಿನಿ ಪಕ್ಷ ಬದಲಾಯಿಸುತ್ತಿರುತ್ತಾರೆ. ಈಗ ಮಳೆಗಾಲ, ಸಂಕ್ರಾಂತಿ ಬಹಳ ದೂರ. ಆದರೂ ನಿನ್ನೆ ಗುಬ್ಬಿಯಿಂದ ಫೋನ್ ಬಂತು.

"ಕೊಬ್ಬರಿ ಕಳಿಸ್ತಾ ಇದೀನಿ. ಒಣಗಿದ್ದು, ಒಳ್ಳೇದು. ಮಾದರಿಗೆ ಒಂದ್ ನಾಕು ಗಿಟುಕು."

"ಈಗಲೇ ಯಾಕಕ್ಕ? ಇನ್ನೂ ಎಷ್ಟು ತಿಂಗಳಿದೆ. ಅದೂ ಹಬ್ಬ ಇದೆಯೋ ಇಲ್ಲವೋ..."

"ಹಬ್ಬದ ಮಾತು ಆಮೇಲೆ. ಸಣ್ಣಗೆ ಹೆಚ್ಚಕ್ಕೆ ನಿನ್ ಕೈ ಮೊದ್ಲು ಬರ್ಬೇಕಲ್ಲ. ಈಗಿಂದ್ಲೇ ಶುರು ಮಾಡು."

ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ ಕೊಬ್ಬರಿ ಹೆಚ್ಚುವ ಚಾಕು ಎಲ್ಲಿದೆ ಎಂದು ನೋಡಿದೆ. ಸಿಕ್ಕಿತು. ಬಲಗೈಗೆ ತೆಗೆದುಕೊಂಡೆ. ಸ್ವಲ್ಪ ನಡುಗಿತು, ಬೀಳಲಿಲ್ಲ.